ಹೆಸರು ಹಿಡಿದು ಕರೆದ ಸಂಜೆ

ನನ್ನ ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಲಂಡನ್ನಿನ ಎಜ್‌ವೇರಿನಲ್ಲಿ ಮನೆ ಮಾಡಿ, ಟ್ಯೂಬ್ ರೈಲು ಹತ್ತಿ ಕೆಲಸಕ್ಕೆ ಹೋಗಿ, ಕಸದ ಡಬ್ಬಿಗಾಗಿ ಕೌನ್ಸಿಲ್‌ನವರೊಡನೆ ಜಗಳಾಡುವ ಹೆಂಗಸು ನಾನು. ಈ ಒಂದು ವಿಷಯದಲ್ಲಿ ಮಾತ್ರ ಇನ್ನೂ ವಿಜಯಪುರದ ನಮ್ಮಜ್ಜಿಯ ಮೊಮ್ಮಗಳು. ಜಿಪಿ ಡಾಕ್ಟರ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದರೆ ಅವರ ಡ್ರೈವಿಂಗ್ ಲೈಸೆನ್ಸನ್ನು ಮುಂದಕ್ಕೆ ತಳ್ಳುತ್ತೇನೆ. ಹೆಸರೇ ಮರೆತುಹೋಗಿದೆಯೆಂದು ತಿಳಿದು ಕೌಂಟರಿನ ಹುಡುಗಿ ಮರುಕದಿಂದ ನೋಡುತ್ತಾಳೆ.

ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದಳು ಅಜ್ಜಿ. ಬೆಳಗಾದರೆ ದೇವರನ್ನು ಎಷ್ಟೊಂದು ಹೆಸರುಗಳಿಂದ ಕರೆಯುತ್ತೇವೆ, ಅವನ ಆಯುಷ್ಯಕ್ಕೆ ಇದುವರೆಗೆ ಏನೂ ಆದಂತಿಲ್ಲ. ಆದರೂ ಅಜ್ಜಿಯೆದುರು ವಾದಿಸುವ ಧೈರ್ಯ ಯಾರಿಗಿತ್ತು? ಮದುವೆಯ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತಾಗ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಒಮ್ಮೆ ಹೇಳಿದ್ದೆ. ಆಮೇಲೆ ಎಲ್ಲದಕ್ಕೂ ‘ರೀ’ ಒಂದೇ. ಚಹಾ ಆರುತ್ತಿದ್ದರೂ ರೀ, ಮನೆಗೆ ಬೆಂಕಿ ಬಿದ್ದರೂ ರೀ.

ಹೋದ ವರ್ಷ ಬಾದಾಮಿಯಲ್ಲಿ ನಮ್ಮ ಅತ್ತೆ, ಇವರ ಅವ್ವ, ತೀರಿಕೊಂಡರು. ಇವರು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಇವರು ಅಳಲಿಲ್ಲ. ಲಂಡನ್ನಿಗೆ ಮರಳಿ ಕೆಲಸಕ್ಕೆ ಹೋದರು, ಹಾಕಿದ್ದನ್ನು ಉಂಡರು, ಮಾತು ಮಾತ್ರ ನಿಲ್ಲಿಸಿಬಿಟ್ಟರು. ಕರೆದರೆ ‘ಹೂಂ’ ಎನ್ನುವರು, ಎದ್ದು ಬರುತ್ತಿರಲಿಲ್ಲ. ಗಂಡನ ಆಯುಷ್ಯ ಕಾಯುತ್ತ ಬಂದ ನನ್ನ ಕಣ್ಣೆದುರೇ ಮನುಷ್ಯ ಕರಗಿ ಹೋಗುತ್ತಿದ್ದ. ನನಗೆ ಹೆದರಿಕೆಯಾಗತೊಡಗಿತು.

ಒಂದು ದಿನ ಫೋನಿನಲ್ಲಿ ಅಮೆರಿಕದ ಮರುಭೂಮಿಯ ಕೆಂಪು ಬಂಡೆಗಳ ಚಿತ್ರ ನೋಡುತ್ತ, "ಥೇಟ್ ನಮ್ಮೂರ ಗುಡ್ಡ" ಅಂದರು. ಎಷ್ಟೋ ತಿಂಗಳಿಗೆ ತಾವಾಗಿ ಆಡಿದ ಮಾತು ಅದು. ಬಾದಾಮಿಗೇ ಹೋಗೋಣವೆಂದರೆ, "ಅಲ್ಲಿ ಇನ್ನ ಯಾರದಾರ?" ಎಂದು ಮುಖ ತಿರುಗಿಸಿದರು. ಸರಿ, ಅಮೆರಿಕಕ್ಕೇ ಟಿಕೆಟ್ ಮಾಡಿಸಿದೆ. ಊರ ಗುಡ್ಡ ನೋಡಲು ಭೂಮಿಯ ಇನ್ನೊಂದು ಬದಿಗೆ ಹೋಗುವ ಜಾಣರು ನಾವಿಬ್ಬರೇ ಇರಬೇಕು. ಬೇಸಿಗೆಯಿಡೀ ಮಾಳಿಗೆಯ ಮೇಲೆ ಮಲಗಿ ಬೆಳೆದವರಿಗೆ ಬಯಲಲ್ಲಿ ಮಲಗುವುದನ್ನು ಕ್ಯಾಂಪಿಂಗ್ ಎನ್ನುತ್ತಾರೆಂದು ಕಲಿಸಿದ್ದು ಮಗಳು. ಟೆಂಟ್ ಅವಳದೇ. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ನನ್ನವು.

ಆ ದಿನ ಬೆಳಗಿನಿಂದ ಕೆಂಪು ಗೋಡೆಗಳ ನಡುವೆ, ಒಣಗಿದ ಹಳ್ಳದ ಮರಳಿನಲ್ಲಿ ನಡೆದೆವು. ಇವರು ಮುಂದೆ, ನಾನು ಹಿಂದೆ. ನಡುವೆ ನೆರಳಿನಲ್ಲಿ ಕುಳಿತು ಉಂಡಾಗ ರೊಟ್ಟಿ ಮುರಿಯುವ ಸದ್ದೇ ಸಂಭಾಷಣೆ. ಇಷ್ಟು ದೂರ ಬಂದೂ ಮೌನವನ್ನು ಜೊತೆಗೇ ಕರೆತಂದಿದ್ದೆವು. ಸಂಜೆ ಟೆಂಟ್ ಕಟ್ಟಿದ ಮೇಲೆ ಇವರು ಎದ್ದರು.

"ಆ ತಿರುವಿನ ತನಕ ಹೋಗಿ ಬರ್ತೀನಿ. ನೀ ಕೂಡು."

"ಲಗೂನ ಬರ್ರಿ."

ಹೋದವರು ಬರಲಿಲ್ಲ. ನೀರಿನ ಬಾಟಲಿ ನನ್ನ ಬಳಿಯೇ ಉಳಿದಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಬಿಸಿಲು ಬಂಡೆಗಳ ನೆತ್ತಿಗೇರಿ ಕೆಳಗೆಲ್ಲ ಮಬ್ಬಾಯಿತು. ತಿರುವಿಗೆ ಓಡಿ "ರೀ" ಎಂದು ಕೂಗಿದೆ. ಬಂಡೆಗಳು ಅದನ್ನು ನನಗೇ ಹಿಂದಿರುಗಿಸಿದವು. ಅಡುಗೆಮನೆಯಿಂದ ಹಾಲ್ ಮುಟ್ಟಲು ಸಾಕಾಗುವ ಆ ಕರೆ ಅಲ್ಲಿ ಎಲ್ಲಿಗೂ ಸಾಲಲಿಲ್ಲ. ಕೊನೆಗೆ ಹೆಸರು ಹಿಡಿದು ಕೂಗಿದೆ. ಆಫೀಸಿನವರು ಬಾಲ ಕತ್ತರಿಸಿ ಬಳಸುವ ಹೆಸರಲ್ಲ, ತೊಟ್ಟಿಲಲ್ಲಿ ಇಟ್ಟ ಪೂರ್ತಿ ಹೆಸರು. ಮತ್ತೆ ಮತ್ತೆ ಕೂಗಿದೆ. ಅಜ್ಜಿಯ ಮಾತು ನೆನಪಾಗದೆ ಇರಲಿಲ್ಲ. ಆಯುಷ್ಯ ಒಂದಿಷ್ಟು ಕಡಿಮೆಯಾದರೆ ಆಗಲಿ, ಈ ಹೊತ್ತಿಗೆ ಮನುಷ್ಯ ಇದ್ದರೆ ಸಾಕು ಅನ್ನಿಸಿತು.

ಮೇಲಿನಿಂದ ದನಿ ಬಂತು. "ಬಂದೆ ಯವ್ವಾ."

ಬಂಡೆಯ ಸಂದಿಯಿಂದ ಜಾರುತ್ತ, ಮೊಣಕಾಲು ತರಚಿಕೊಂಡು ಇಳಿದು ಬಂದರು. ನನ್ನ ಕೈ ಹಿಡಿದುಕೊಂಡು ಅಳತೊಡಗಿದರು. ಸಣ್ಣವರಿದ್ದಾಗ ಶಾಲೆ ಬಿಟ್ಟೊಡನೆ ಬಾದಾಮಿಯ ಗುಡ್ಡ ಹತ್ತುತ್ತಿದ್ದರಂತೆ. ದೀಪ ಹಚ್ಚುವ ಹೊತ್ತಿಗೆ ಅವ್ವ ಬುಡದಲ್ಲಿ ನಿಂತು ಹೀಗೇ, ಪೂರ್ತಿ ಹೆಸರು ಕೂಗುತ್ತಿದ್ದಳಂತೆ. ಆಕೆ ಹೋದ ಮೇಲೆ ಹಾಗೆ ಕರೆಯುವವರು ಯಾರೂ ಉಳಿದಿರಲಿಲ್ಲ.

"ನೀ ರೀ ಅಂದದ್ದೂ ಕೇಳಿಸ್ತು," ಅಂದರು. "ಏಳಾಕ ಮನಸ್ಸಾಗಲಿಲ್ಲ."

"ಎಷ್ಟೊತ್ತು ಅಲ್ಲೇ ಕೂಡಬೇಕಂತ ಮಾಡಿದ್ರಿ?"

"ಗೊತ್ತಿಲ್ಲ."

ಆ ಉತ್ತರದಷ್ಟು ನನ್ನನ್ನು ಹೆದರಿಸಿದ್ದು ಬೇರೊಂದಿಲ್ಲ. ಅಂದು ಟೆಂಟಿನ ಮುಂದೆ ಕುಳಿತು ಇವರು ಅವ್ವನ ಸುದ್ದಿ ಹೇಳಿದ್ದೇ ಹೇಳಿದ್ದು. ಹೆಸರು ಹಿಡಿದು ಕರೆದ ಪಾಪ ನನ್ನದು, ಇವರು ಓಗೊಟ್ಟಿದ್ದು ಅತ್ತೆಗೆ. ಅತ್ತೆ ಬದುಕಿದ್ದಾಗ ಹೀಗಾಗಿದ್ದರೆ ನಾನು ಒಂದು ವಾರ ಮುಖ ಊದಿಸಿಕೊಂಡಿರುತ್ತಿದ್ದೆ.

ಎಜ್‌ವೇರಿಗೆ ಬಂದ ಮೇಲೆ ಮತ್ತೆ ‘ರೀ’ಗೇ ಮರಳಿದ್ದೇನೆ. ಹಬ್ಬದ ಪಾತ್ರೆಯನ್ನು ದಿನದ ಬಳಕೆಗೆ ತೆಗೆಯಬಾರದು. ಆದರೆ ಇವರು ಮೇಲಿನ ಕೋಣೆಯಲ್ಲಿ ದೀಪ ಹಾಕದೆ ಕುಳಿತ ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತೇನೆ. "ಬಂದೆ" ಎನ್ನುತ್ತಾರೆ. ಯಾರಿಗೆ ಹೇಳಿದಿರಿ ಎಂದು ನಾನು ಕೇಳುವುದಿಲ್ಲ. ಇಳಿದು ಬರುತ್ತಾರೆ, ತಟ್ಟೆ ಹಾಕುತ್ತೇನೆ.