ಮೂರು ತಿಂಗಳಿಗಿಂತ ಹೆಚ್ಚು ಬೇಡ ಎಂದ ಅಕ್ಕ

ಹೋದ ತಿಂಗಳು ಐರೋಲಿಯ ನಮ್ಮ ಕಟ್ಟಡಕ್ಕೆ ಹೊಸ ಸಂಸಾರವೊಂದು ಬಂತು. ಬೆಳಿಗ್ಗೆ ಆಫೀಸಿಗೆ ಹೊರಟು ಲಿಫ್ಟಿಗಾಗಿ ನಿಂತಿದ್ದಾಗ ಅವರ ಅಡುಗೆಮನೆಯಿಂದ ಕುಚ್ಚಲಕ್ಕಿ ಬೇಯುವ ವಾಸನೆ ಬಂತು. ಸ್ವಲ್ಪ ಮಣ್ಣಿನಂತೆ, ಸ್ವಲ್ಪ ಹೊಟ್ಟಿನಂತೆ, ಹಬೆ ತುಂಬಿದ ವಾಸನೆ. ಲಿಫ್ಟು ಬಂದು ನಿಂತು ಹೊರಟೂ ಹೋಯಿತು. ನಾನು ಮಾತ್ರ ಅಲ್ಲೇ ಇದ್ದೆ...

ಮೈಸೂರಿನಲ್ಲಿ ಬೆಳೆದ ನನಗೆ ಆ ವಾಸನೆಯ ಪರಿಚಯವಾದದ್ದು ಡೊಂಬಿವಲಿಯಲ್ಲಿ. ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಮದುವೆಯಾಗಿ ಬಂದು ಪೂರ್ವ ಭಾಗದ ಹಳೆಯ ಕಟ್ಟಡವೊಂದರಲ್ಲಿ ಬಾಡಿಗೆಗೆ ಇದ್ದೆವು. ಎದುರುಮನೆಯಲ್ಲಿ ಉಡುಪಿ ಕಡೆಯ ಹೆಂಗಸೊಬ್ಬರು ಒಬ್ಬರೇ ಇದ್ದರು. ಮೊದಲ ದಿನ ನಾನು ‘ಆಂಟಿ’ ಎಂದು ಕರೆದಾಗ ಮುಖ ಗಂಟಿಕ್ಕಿ, “ಎಂತ ಆಂಟಿ? ಅಕ್ಕ ಅಂತ ಕರಿ ಮಾರಾಯ್ತಿ, ಸಾಕು” ಎಂದಿದ್ದರು. ಅಂದಿನಿಂದ ಅವರು ನನಗೆ ಅಕ್ಕ. ರಜೆಯ ದಿನ ಮಧ್ಯಾಹ್ನ ಬಾಗಿಲು ತಟ್ಟಿ ಒಂದು ಪಾತ್ರೆ ಕುಚ್ಚಲಕ್ಕಿ ಗಂಜಿ, ಮೇಲೊಂದಿಷ್ಟು ಚಟ್ನಿ ಇಟ್ಟು ಹೋಗುತ್ತಿದ್ದರು. ಪಾತ್ರೆ ತೊಳೆದು ಕೊಟ್ಟರೆ ಸಿಟ್ಟು; ಖಾಲಿ ಕೊಟ್ಟರೂ ಸಿಟ್ಟು.

ಅಕ್ಕನ ಗಂಡ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಕಾರ್ಖಾನೆಗಳ ನಡುವೆ, ಹೋಟೆಲು ನಡೆಸಿದ್ದವರು. ಪಾಳಿ ಮುಗಿಸಿ ಬರುವ ಕೆಲಸಗಾರರಿಗೆ ಊಟ, ತಿಂಡಿ. ಒಳ್ಳೆಯ ವ್ಯಾಪಾರವಿತ್ತಂತೆ. ದುಡಿದದ್ದರಲ್ಲಿ ದೊಡ್ಡ ಪಾಲನ್ನು ಪರಿಚಯದವರ ಮಾತು ಕೇಳಿ ಒಂದು ಸಣ್ಣ ಸಹಕಾರಿ ಸೊಸೈಟಿಯಲ್ಲಿ ಇಟ್ಟರು. ಒಂದು ದಿನ ಸೊಸೈಟಿಯ ಬಾಗಿಲಿಗೆ ಬೀಗ ಬಿತ್ತು. ಅದರ ಮುಂದೆ ನಿಂತು ನಿಂತು ಬಂದ ಆ ಮನುಷ್ಯ ಮತ್ತೆ ಹೋಟೆಲಿನ ಗಲ್ಲಾದ ಮೇಲೆ ನೆಟ್ಟಗೆ ಕೂರಲಿಲ್ಲ. ಆ ವರ್ಷವೇ ಹೃದಯ ನಿಂತು ಹೋದರು. ಹೋಟೆಲು ಮಾರಿ ಬಂದ ಹಣವಷ್ಟೇ ಅಕ್ಕನ ಕೈಯಲ್ಲಿ ಉಳಿದದ್ದು.

ಒಬ್ಬ ಮಗನಿದ್ದ. ಆದರೆ ಮನೆಯಲ್ಲಿರಲಿಲ್ಲ. ಗೋಡೆಯ ಮೇಲೆ ಕಾಲೇಜು ಸಮವಸ್ತ್ರದಲ್ಲಿದ್ದ ಅವನ ಫೋಟೋ ನೋಡಿ ನಾನು ಕೇಳಿದಾಗ, “ಸಿಟ್ಟು ಮಾಡ್ಕೊಂಡು ಹೋಗಿದ್ದಾನೆ. ಬರ್ತಾನೆ” ಎಂದಷ್ಟೇ ಹೇಳಿದ್ದರು. ಅಪ್ಪ ತೀರಿದ ಮರುವರ್ಷ ಅಂಗಡಿ ಹಾಕಲು ಹಣ ಕೇಳಿದನಂತೆ, ಇವರು ಕೊಡಲಿಲ್ಲವಂತೆ. ಎಲ್ಲಿದ್ದಾನೆಂದು ಗೊತ್ತಿರಲಿಲ್ಲ. ಮೊದಲು ಸೂರತ್ ಎಂದು ಯಾರೋ ಹೇಳಿದರು, ಆಮೇಲೆ ಅದೂ ಇಲ್ಲ.

ನಾನು ಆಗ ಬೇಲಾಪುರದಲ್ಲಿ ಒಂದು ಬ್ಯಾಂಕಿನ ಖಜಾನೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಬ್ಯಾಂಕು ಸರ್ಕಾರಿ ಸಾಲಪತ್ರಗಳನ್ನು ಕೊಂಡು ಮಾರುವ ಲೆಕ್ಕಾಚಾರ ನಮ್ಮದು. ಅದು ಅಕ್ಕನಿಗೆ ಹೇಗೋ ತಿಳಿದು, ಒಂದು ಭಾನುವಾರ ಬಂದು ಕೂತರು.

“ನೋಡು, ನನಗೊಂದು ದಾರಿ ಹೇಳು. ಹಣ ಮುಳುಗಬಾರದು. ನಮ್ಮವರು ಬಂದು ಕೇಳಿದರೆ ಕೊಡಲಿಕ್ಕೆ ಸಿಗಬಾರದು. ಆದರೆ ಅವನು ಬಂದು ಕೇಳಿದರೆ ಬೇಗ ಕೈಗೆ ಬರಬೇಕು.”

ನಮ್ಮವರೆಂದರೆ ಗಂಡನ ತಮ್ಮಂದಿರಿಬ್ಬರು. ಒಬ್ಬರು ಕಲ್ಯಾಣದಲ್ಲಿ, ಇನ್ನೊಬ್ಬರು ವಿಠ್ಠಲವಾಡಿಯಲ್ಲಿ ಹೋಟೆಲು ಇಟ್ಟಿದ್ದರು. ಹೊಸ ಹೋಟೆಲಿಗೆ ಪಾಲುದಾರಿಕೆ ಎಂದು ತಿಂಗಳಿಗೊಮ್ಮೆಯಾದರೂ ಬಂದು ಅತ್ತಿಗೆಯ ಮುಂದೆ ಕೂರುತ್ತಿದ್ದರು. ಹತ್ತಿರದ ಬ್ಯಾಂಕಿನ ಮ್ಯಾನೇಜರು ಅವರ ಸ್ನೇಹಿತ. ಅಲ್ಲಿ ಠೇವಣಿ ಇಟ್ಟರೆ ಸಂಜೆಯೊಳಗೆ ಅವರಿಗೆ ಸುದ್ದಿ. ಮುರಿಸಿ ಕೊಡಿ ಎಂಬ ಒತ್ತಾಯ.

ನಾನು ಟ್ರೆಶರಿ ಬಿಲ್ಲಿನ ಬಗ್ಗೆ ಹೇಳಿದೆ. ಸರ್ಕಾರ ತನ್ನ ಖರ್ಚಿಗೆ ಸ್ವಲ್ಪ ಕಾಲ ಸಾಲ ತೆಗೆದುಕೊಳ್ಳುತ್ತದೆ. ನೂರು ರೂಪಾಯಿಯ ಬಿಲ್ಲನ್ನು ನೂರಕ್ಕಿಂತ ಕಡಿಮೆಗೆ ಮಾರುತ್ತದೆ, ಅವಧಿ ಮುಗಿದಾಗ ಪೂರ್ತಿ ನೂರು ಕೊಡುತ್ತದೆ. ನಡುವಿನ ವ್ಯತ್ಯಾಸವೇ ನಮ್ಮ ಲಾಭ. ಅವಧಿ ತೊಂಬತ್ತೊಂದು ದಿನದ್ದಿದೆ, ಅದರ ದುಪ್ಪಟ್ಟಿನದಿದೆ, ಹತ್ತಿರ ಹತ್ತಿರ ಒಂದು ವರ್ಷದ್ದೂ ಇದೆ. ಬುಧವಾರ ಹರಾಜು ನಡೆಯುತ್ತದೆ. ಬ್ಯಾಂಕಿನಲ್ಲಿ ಬೇರೆಯೇ ಒಂದು ಖಾತೆ ತೆರೆದರೆ, ಬ್ಯಾಂಕು ತಾನು ಕೊಂಡದ್ದರಲ್ಲಿ ಒಂದು ಪಾಲನ್ನು ನಿಮ್ಮ ಹೆಸರಿಗೆ ವರ್ಗಾಯಿಸುತ್ತದೆ...

ಅಕ್ಕ ಕೊನೆಯವರೆಗೂ ಕೇಳಿ ಒಂದೇ ಪ್ರಶ್ನೆ ಹಾಕಿದರು. “ನಡುವೆ ಮುರೀಲಿಕ್ಕೆ ಆಗ್ತದಾ?”

“ಮಾರಬಹುದು, ಆದರೆ ಇಷ್ಟು ಸಣ್ಣ ಮೊತ್ತಕ್ಕೆ ಕೊಳ್ಳುವವರು ಸುಲಭವಾಗಿ ಸಿಗೋಲ್ಲ ಅಕ್ಕ. ಅವಧಿ ಮುಗಿಯೋವರೆಗೂ ಕಾಯಬೇಕು.”

“ಅದೇ ಬೇಕಾದ್ದು ನನಗೆ” ಎಂದು ಎದ್ದು ನಿಂತರು. “ಚಿಕ್ಕ ಅವಧಿಯದ್ದೇ ಮಾಡು. ಮೂರು ತಿಂಗಳಿಗಿಂತ ಹೆಚ್ಚು ಬೇಡ. ಅವನು ಬಂದರೆ ಮೂರು ತಿಂಗಳು ಇರು ಅಂತ ಹೇಳಬಹುದು. ಒಂದು ವರ್ಷ ಇರು ಅಂತ ಹೇಗೆ ಹೇಳುವುದು?”

ಖಾತೆ ತೆರೆಯಲು ಠಾಣೆಯ ಶಾಖೆಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿದ್ದ ಹುಡುಗ ಅಧಿಕಾರಿಗೆ ಆ ಖಾತೆಯ ಹೆಸರು ಕೇಳಿಯೇ ಗಾಬರಿ. ಮೇಜಿನ ಡ್ರಾಯರಿನಿಂದ ವಿಮಾ ಪಾಲಿಸಿಯ ಬಣ್ಣದ ಹಾಳೆ ತೆಗೆದು, “ಆಂಟಿ, ವೋ ಸಬ್ ಬಡೇ ಲೋಗೋಂ ಕೆ ಲಿಯೇ ಹೈ. ಯೇ ದೇಖಿಯೇ, ದಸ್ ಸಾಲ್ ಮೇ ಡಬಲ್” ಎಂದ. ಅದೆಲ್ಲ ದೊಡ್ಡವರಿಗಂತೆ, ಇದಾದರೆ ಹತ್ತು ವರ್ಷದಲ್ಲಿ ದುಪ್ಪಟ್ಟಂತೆ. ಹತ್ತು ವರ್ಷ ಎಂದದ್ದೇ ಅಕ್ಕ ಹಾಳೆಯನ್ನು ಹಿಂದಕ್ಕೆ ಸರಿಸಿಬಿಟ್ಟರು. “ಹತ್ತು ವರ್ಷ ನಾನು ಕಾಯುವುದಿಲ್ಲ ಅಂತ ಹೇಳು ಇವನಿಗೆ” ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು. ನಾನು ಅದನ್ನು ಹಿಂದಿಗೆ ತಿರುಗಿಸಲಿಲ್ಲ. ಹುಡುಗ ಯಾರಿಗೋ ಫೋನು ಮಾಡಿ, ಕೇಳಿ, ಮತ್ತೆ ಕೇಳಿ, ಕೊನೆಗೂ ಖಾತೆ ತೆರೆದ.

ಹತ್ತು ವರ್ಷ ಕಾಯುವುದಿಲ್ಲ ಎಂದವರು ಹೆಚ್ಚುಕಡಿಮೆ ಅಷ್ಟೇ ಕಾದರು. ಮೂರು ತಿಂಗಳು, ಮತ್ತೆ ಮೂರು ತಿಂಗಳು.

ಅವಧಿ ಮುಗಿಯುವ ವಾರ ಅಕ್ಕನ ನಡಿಗೆಯೇ ಬದಲಾಗುತ್ತಿತ್ತು. ಹಣ ಕೈಗೆ ಬರುವ ದಿನ ಅವನೂ ಬರುತ್ತಾನೆಂಬ ಹಾಗೆ ಮನೆ ಸಾರಿಸಿ, ಮೀನು ತಂದು, ಬಾಗಿಲು ಅರ್ಧ ತೆರೆದೇ ಇಡುತ್ತಿದ್ದರು. ಮುಂದಿನ ಹರಾಜಿನ ಹೊತ್ತಿಗೆ ನನ್ನ ಬಳಿ ಬಂದು, “ಇನ್ನೊಂದು ಸಲ ಹಾಕು” ಎನ್ನುತ್ತಿದ್ದರು. ಮೈದುನಂದಿರು ಬಂದಾಗ ಅಕ್ಕನ ಉತ್ತರ ಸಿದ್ಧವಿರುತ್ತಿತ್ತು. ನನ್ನ ಮನೆಯವರೆಗೂ ಕೇಳುವಂತೆ ಹೇಳುತ್ತಿದ್ದರು, “ಸರ್ಕಾರದವರ ಹತ್ರ ಉಂಟು. ನಾನು ಕೇಳಿದರೂ ಕೊಡುವುದಿಲ್ಲ ಅವರು.” ಕ್ರಮೇಣ ಮೈದುನಂದಿರು ಬರುವುದೇ ನಿಂತಿತು.

ಒಂದು ವರ್ಷದ ಬಿಲ್ಲಿಗೆ ಹಾಕಿದರೆ ಇಷ್ಟು ಓಡಾಟವಿಲ್ಲ ಎಂದು ನಾನು ಎಷ್ಟೋ ಸಲ ಹೇಳಿದೆ. ಕೇಳಲಿಲ್ಲ. ನೀರು ಸೋರುವ ಆ ಮನೆ ಬಿಟ್ಟು ಬೇರೆಡೆಗೆ ಹೋಗಿ ಎಂದರೆ, ಅವನಿಗೆ ಗೊತ್ತಿರುವುದು ಇದೇ ವಿಳಾಸ ಎನ್ನುತ್ತಿದ್ದರು. ಎಲ್ಲರ ಕೈಗೆ ಮೊಬೈಲು ಬಂದ ಮೇಲೂ ಹಳೆಯ ಲ್ಯಾಂಡ್‌ಲೈನ್ ತೆಗೆಸಲಿಲ್ಲ. ಅದು ರಿಂಗಾದರೆ ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಓಡುವರು. ಹೆಚ್ಚಾಗಿ ಅದು ಸಾಲ ಬೇಕೇ ಎಂದು ಕೇಳುವ ಯಾರದೋ ದನಿ...

ಒಂದು ಚೌತಿಯ ಮಧ್ಯಾಹ್ನ, ಇಬ್ಬರೂ ಕಡುಬಿಗೆ ತೆಂಗಿನಕಾಯಿ ತುರಿಯುತ್ತಿದ್ದಾಗ, ಅವರಾಗಿಯೇ ಹೇಳಿದರು.

“ಹಣ ಕೊಡಲಿಲ್ಲ ಅಂತ ಮಾತ್ರ ಅಲ್ಲ ಅವನು ಹೋದದ್ದು. ಆವತ್ತು ಮೈದುನಂದಿರು ಇಬ್ಬರೂ ಬಂದು ಕೂತಿದ್ದರು. ನಮಗೂ ಕೊಡಿ ಅಂತ ಅವರು. ಅದೇ ಹೊತ್ತಿಗೆ ಇವನೂ ಅಂಗಡಿಗೆ ಬೇಕು ಅಂದ. ಇವನಿಗೆ ಹೂಂ ಅಂದರೆ ಅವರಿಗೆ ಹೇಗೆ ಇಲ್ಲ ಅನ್ನುವುದು? ನಾನು ಹೇಳಿಬಿಟ್ಟೆ, ಸ್ವಂತ ಮಗನನ್ನೇ ನಂಬುವುದಿಲ್ಲ ನಾನು, ಮತ್ತೆ ನಿಮಗೆ ಹೇಗೆ ಕೊಡಲಿ ಅಂತ.” ತುರಿಯುವ ಕೈ ನಿಂತಿತು. “ಅವರಿಗೆ ಕೇಳಲಿ ಅಂತ ಹೇಳಿದ್ದು ಮಾರಾಯ್ತಿ. ಕೇಳಿದ್ದು ಅವನಿಗೆ.”

“ಆಮೇಲೆ ಅವನಿಗೆ ಬಿಡಿಸಿ ಹೇಳಲಿಲ್ಲವಾ?”

“ಅವನೇ ಬಂದು ಕೇಳ್ತಾನೆ ಅಂತ ಇದ್ದೆ. ಮೂರನೇ ದಿನ ಬೆಳಿಗ್ಗೆ ಹಾಸಿಗೆ ಖಾಲಿ.”

ಮಗ ಬಂದದ್ದು ಎರಡು ಸಾವಿರದ ಹತ್ತರ ನಂತರದ ಒಂದು ವರ್ಷ, ದೀಪಾವಳಿಯ ಆಸುಪಾಸು. ಸಂಜೆ ನಾನು ಆಫೀಸಿನಿಂದ ಬಂದಾಗ ಅಕ್ಕನ ಬಾಗಿಲಲ್ಲಿ ಗಂಡಸಿನ, ಹೆಂಗಸಿನ, ಒಂದು ಪುಟ್ಟ ಮಗುವಿನ ಚಪ್ಪಲಿಗಳು. ಅಕ್ಕ ನನ್ನನ್ನು ಕೈ ಹಿಡಿದು ಒಳಗೆ ಎಳೆದರು. ಫೋಟೋದ ಹುಡುಗ ದಪ್ಪಗಾಗಿದ್ದ, ತಲೆ ಅಲ್ಲಲ್ಲಿ ಬೋಳಾಗಿತ್ತು. ಕೋಪರ್ ಖೈರಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು ಐದಾರು ವರ್ಷವಾಯಿತಂತೆ. ಠಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರಕ್ಕೆ ಹೋಗುವಾಗ ನಾನು ದಿನವೂ ದಾಟುತ್ತಿದ್ದ ನಿಲ್ದಾಣವದು. ಹೆಂಡತಿ ಮರಾಠಿಯವಳು. ಮಗಳಿಗೆ ಅಜ್ಜಿ ಬೇಕು ಎಂದು ಅವಳೇ ಗಂಡನನ್ನು ಹೊರಡಿಸಿಕೊಂಡು ಬಂದಿದ್ದಳು. ಅಕ್ಕ ತುಳುವಿನಲ್ಲಿ ಏನು ಕೇಳಿದರೂ ಮಗು ಏನೆಂದು ಮರಾಠಿಯಲ್ಲಿ, “ಕಾಯ್?” ಎಂದು ಕೇಳಿ ಅಮ್ಮನ ಮುಖ ನೋಡುತ್ತಿತ್ತು.

ಊಟವಾದ ಮೇಲೆ ಅಕ್ಕ ಎಲ್ಲರ ಮುಂದೆಯೇ ಮಾತೆತ್ತಿದರು. “ನಿನ್ನ ಹಣ ಹಾಗೇ ಉಂಟು. ಇನ್ನು ಸ್ವಲ್ಪ ದಿನದಲ್ಲಿ ಅವಧಿ ಮುಗೀತದೆ. ಪೂರ್ತಿ ತೆಗೆದುಕೋ. ಕೇಳು ಬೇಕಾದರೆ ಇವಳನ್ನು.”

ಮಗ ತಲೆ ಎತ್ತಲಿಲ್ಲ. “ನನಗೆ ಹಣ ಬೇಡ ಅಮ್ಮ. ಅದಕ್ಕೆ ಬಂದದ್ದಲ್ಲ.”

“ಹಾಗಲ್ಲ, ನಿನಗೇ ಅಂತ ಇಟ್ಟದ್ದು. ಮೂರು ತಿಂಗಳಿಗಿಂತ ಒಂದು ದಿನವೂ ದೂರ ಇಡಲಿಲ್ಲ...”

“ಬೇಡ ಅಂದೆನಲ್ಲ.” ದನಿ ತುಸು ಗಡುಸಾಯಿತು. ಹೆಂಡತಿ ಅವನ ಮೊಣಕೈ ಮುಟ್ಟಿದಳು. ಅಕ್ಕ ತಟ್ಟೆಗಳನ್ನು ಒಟ್ಟು ಮಾಡಿಕೊಂಡು ಒಳಗೆ ಹೋದವರು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದರು. ಇಷ್ಟು ವರ್ಷ ಅವರು ಕಾಪಾಡಿಕೊಂಡು ಬಂದದ್ದು ಅವನಿಗೆ ಬೇಕಾದದ್ದಾಗಿರಲಿಲ್ಲ. ಅವನಿಗೆ ಬೇಕಾದದ್ದು ಯಾವ ಬ್ಯಾಂಕಿನಲ್ಲೂ ಇಡಲು ಆಗುವಂಥದ್ದಾಗಿರಲಿಲ್ಲ.

ಮರುದಿನ ನಾನು ಹೇಳಿದೆ. “ಆವತ್ತಿನ ಮಾತು ಯಾಕೆ ಆಡಿದಿರಿ ಅಂತ ಅವನಿಗೆ ಹೇಳಿ ಅಕ್ಕ. ನೀವು ಹೇಳದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು?”

“ಈಗ ಹೇಳಿದರೆ ಸಬೂಬು ಅಂತ ಕಾಣ್ತದೆ” ಎಂದರು. “ಈಗಷ್ಟೇ ಬಂದಿದ್ದಾನೆ. ಹಳೇದು ತೆಗೆದರೆ ಮತ್ತೆ ಎದ್ದು ಹೋದರೆ?”

“ನಾನು ಹೇಳಲಾ?”

“ನನ್ನ ಮೇಲೆ ಆಣೆ ಉಂಟು, ಬಾಯಿ ಬಿಡಬೇಡ. ನಾನೇ ಹೇಳ್ತೇನೆ, ಇನ್ನು ಸ್ವಲ್ಪ ಸಮಯ ಹೋಗಲಿ.”

ಮಗ ಹಬ್ಬಕ್ಕೆ, ಮಗುವಿನ ಹುಟ್ಟುಹಬ್ಬಕ್ಕೆ, ಕೆಲವೊಮ್ಮೆ ಸುಮ್ಮನೆಯೂ ಬರುತ್ತಿದ್ದ. ಬಂದಾಗ ಔಷಧಿ, ಹಣ್ಣು ತರುವನು, ಮನೆಯ ಫ್ಯಾನು ಸರಿಮಾಡುವನು, ಹೊರಡುವಾಗ ಕಾಲು ಮುಟ್ಟುವನು. ಆದರೆ ಇಬ್ಬರೂ ಕೂತು ಮಾತಾಡಿದ್ದನ್ನು ನಾನು ಕಾಣೆ. ಮೈದುನಂದಿರ ವಿಷಯ, ಅಪ್ಪನ ವಿಷಯ, ಆ ದಿನದ ವಿಷಯ ಬರುವ ಮುಂಚೆ ಯಾರಾದರೊಬ್ಬರು ಎದ್ದುಬಿಡುತ್ತಿದ್ದರು. ಹಣವನ್ನು ಅಕ್ಕ ಮೊಮ್ಮಗಳ ಹೆಸರಿಗೆ ಮಾಡಿಸಿದರು. “ಈಗ ಎಷ್ಟು ವರ್ಷಕ್ಕೆ ಬೇಕಾದರೂ ಹಾಕಲಿ” ಎಂದು ನನಗೆ ಹೇಳುವಾಗ ನಕ್ಕರು. ಆ ನಗುವಿನಲ್ಲಿ ಸಂತೋಷವಿರಲಿಲ್ಲ.

ಅದಾದ ಮೇಲೆ ಅಕ್ಕ ಬೇಗ ಕುಗ್ಗಿದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಕಿಡ್ನಿಗೆ ತಾಗಿತು. ಮಗ ಕೋಪರ್ ಖೈರಣೆಗೆ ಕರೆದುಕೊಂಡು ಹೋದ. ಅಷ್ಟರಲ್ಲಿ ನಾವೂ ಐರೋಲಿಗೆ ಮನೆ ಬದಲಿಸಿದ್ದೆವು, ಹೋಗಿ ನೋಡಿ ಬರುವುದು ಸುಲಭವಾಗಿತ್ತು. ಕೊನೆಯ ಸಲ ಹೋದಾಗ ಅಕ್ಕನಿಗೆ ಮಾತು ತೊದಲುತ್ತಿತ್ತು. “ಹೇಳಿದಿರಾ?” ಎಂದು ಕಿವಿಯ ಬಳಿ ಕೇಳಿದೆ. ಕಣ್ಣಿನಲ್ಲೇ ಇಲ್ಲವೆಂದರು. ಮಗ ಬಾಗಿಲಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದ. ನಾನು ಎದ್ದು ಜಾಗ ಬಿಟ್ಟೆ. ಆ ವಾರವೇ ಅಕ್ಕ ಹೋದರು...

ಕ್ರಿಯೆಗಳೆಲ್ಲ ಮುಗಿದ ಮೇಲೆ ಮಗ ನನ್ನನ್ನು ಆಟೋ ನಿಲ್ದಾಣದವರೆಗೆ ಬಿಡಲು ಬಂದ. ಆಣೆ ಹಾಕಿದವರೇ ಇಲ್ಲವಾದ ಮೇಲೆ ಇನ್ನು ಆಣೆ ಯಾತರದೆಂದು ನಾನು ಹೇಳಿಬಿಟ್ಟೆ. ಆ ಮಾತು ಅವನಿಗೆ ಆಡಿದ್ದಲ್ಲ, ಚಿಕ್ಕಪ್ಪಂದಿರ ಬಾಯಿ ಮುಚ್ಚಿಸಲು ಆಡಿದ್ದು, ಕೊನೆಯವರೆಗೂ ಅಮ್ಮನಿಗೆ ಅದೇ ಕೊರಗಿತ್ತು ಎಂದು. ಅವನು ಬೆರಗಾಗಬಹುದು, ಅಳಬಹುದು ಎಂದುಕೊಂಡಿದ್ದೆ.

ಅವನು ರಸ್ತೆಯ ಕಡೆ ನೋಡುತ್ತಾ, “ಗೊತ್ತಿತ್ತು ಮೇಡಂ” ಎಂದ. “ಆವತ್ತೇ ಗೊತ್ತಿತ್ತು. ಅಮ್ಮನ ಮುಖ ನೋಡಿದರೆ ನನಗೆ ಗೊತ್ತಾಗೋದಿಲ್ವಾ? ಚಿಕ್ಕಪ್ಪಂದಿರು ಹೋದ ಮೇಲೆ ಅಡುಗೆಮನೆಗೆ ಕರೆದು, ಹಾಗಲ್ಲ ಮಗಾ, ಅವರಿಗೋಸ್ಕರ ಹೇಳಿದ್ದು ಅಂತ ಒಂದು ಮಾತು ಹೇಳ್ತಾಳೆ ಅಂತ ಎರಡು ದಿನ ಕಾದೆ. ಹೇಳಲಿಲ್ಲ. ಆಗ ಇರಬಹುದೇನೋ, ನಿಜವಾಗಲೂ ನಂಬಿಕೆ ಇಲ್ಲವೇನೋ ಅನ್ನಿಸಿತು. ವಯಸ್ಸು ಹಾಗಿತ್ತು, ಹೊರಟುಬಿಟ್ಟೆ. ಈಗಲೂ... ಬಂದಾಗೆಲ್ಲ ಕಾಯ್ತಿದ್ದೆ. ಇವತ್ತು ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ. ನಾನೇ ಕೇಳಬಹುದಿತ್ತು. ಕೇಳಲಿಲ್ಲ.”

ಆಟೋ ಬಂತು. ನಾನು ಹತ್ತಿ ಕೂತೆ. ಅವನು ಅಲ್ಲೇ ನಿಂತಿದ್ದ, ಆಟೋ ತಿರುಗುವವರೆಗೂ.

ವರ್ಷಗಳಾದವು. ಡೊಂಬಿವಲಿಯ ಆ ಕಟ್ಟಡವನ್ನು ಕೆಡವಿ ಹೊಸದು ಕಟ್ಟಿದ್ದಾರೆ. ಆಫೀಸಿನಲ್ಲಿ ಹರಾಜಿನ ಕೆಲಸ ನಡೆದೇ ಇದೆ. ಈಗಂತೂ ಯಾರು ಬೇಕಾದರೂ ಮೊಬೈಲಿನಲ್ಲೇ ಬಿಲ್ಲು ಕೊಳ್ಳುತ್ತಾರೆ. ನನಗೆ ಮಾತ್ರ ಒಂದು ಸಂಕಟ ಉಳಿದುಬಿಟ್ಟಿದೆ. ಅಮ್ಮನಿಗೆ ನಿನ್ನ ಮೇಲೆ ನಂಬಿಕೆ ಇತ್ತು ಎಂದು ಮಗನಿಗೆ ತಲುಪಿಸಿದೆ. ಅವನಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ಅಕ್ಕನಿಗೆ ತಲುಪಿಸಬೇಕಿತ್ತು. ಅದನ್ನು ಕೇಳಿದ್ದರೆ ಅವರು ಏನೆನ್ನುತ್ತಿದ್ದರು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ‘ಎಂತ ಮಾರಾಯ್ತಿ’ ಎಂದು ಬೈಯುತ್ತಿದ್ದರೋ, ಕೂತು ಅಳುತ್ತಿದ್ದರೋ... ಗೊತ್ತಿಲ್ಲ. ಹೇಳಲು ಮಾತು ನನ್ನ ಬಳಿ ಇದೆ, ಕೇಳಬೇಕಾದ ಅಕ್ಕ ಇಲ್ಲ.