ಅತ್ತೆಯ ಅಲಸಂದೆ

ಬೀಜ ಆರಿಸುವ ವಿಷಯದಲ್ಲಿ ನನ್ನ ಸೋದರತ್ತೆಗೆ ಹೆತ್ತ ಮಗಳ ಮೇಲೂ ನಂಬಿಕೆ ಇರಲಿಲ್ಲ. ಕೊಯ್ಲಿಗೆ ಮುಂಚೆ ತಾನೇ ಸಾಲು ಸಾಲು ತಿರುಗಿ, ಮನಸ್ಸಿಗೊಪ್ಪಿದ ಗಿಡಕ್ಕೆ ಬೀಜಕ್ಕೆಂದು ಗುರುತಾಗಿ ಹಳೆ ಬಟ್ಟೆಯ ಚೂರು ಕಟ್ಟುತ್ತಿದ್ದಳು. ನಾನು ಕಟ್ಟಲು ಹೋದರೆ, "ನಿನಗೆ ಕಣ್ಣಿರೋದು ಕನ್ನಡಿ ನೋಡ್ಕೊಳ್ಳೋಕೆ, ಹೋಗು" ಎಂದು ಗದರುತ್ತಿದ್ದಳು.

ಅಂಥವಳಿಗೆ ಕೃಷಿ ಸಂಶೋಧನಾ ಕೇಂದ್ರದ ಮೇಡಂ ಗಂಟುಬಿದ್ದರು. ಸಣ್ಣ ರೈತರ ಕೈಯಲ್ಲೇ ಹೊಸ ತಳಿ ಮಾಡಿಸಬೇಕೆಂಬುದು ಅವರ ಯೋಜನೆ. ಎರಡು ಜಾತಿಯ ಅಲಸಂದೆ ಕೂಡಿಸಿ ಪಡೆದ ಬೀಜ ತಂದುಕೊಟ್ಟು, "ನಿಮಗೆ ಬೇಕಾದ್ದನ್ನ ಆರಿಸ್ಕೊಳ್ಳಿ ಅಮ್ಮಾ" ಎಂದರು. ಅತ್ತೆ ಐದು ವರ್ಷ ಆರಿಸಿದಳು. ಬೇಗ ಹೂ ಬಿಡುವುದನ್ನೂ ಉಳಿಸಿಕೊಂಡಳು, ತಡವಾಗಿ ಬಿಡುವುದನ್ನೂ ಉಳಿಸಿಕೊಂಡಳು. ಮಳೆ ಯಾವಾಗ ಕೈಕೊಟ್ಟರೂ ಒಂದಲ್ಲ ಒಂದು ಗಿಡ ಕಾಯಿ ಕಟ್ಟುತ್ತಿತ್ತು. ನೆರೆಯವರು ಬೀಜ ಕೇಳಿದರೆ, "ಇನ್ನೊಂದು ಬೆಳೆ ತಡೀರಿ, ಹದಕ್ಕೆ ಬಂದಿಲ್ಲ" ಎನ್ನುತ್ತಿದ್ದಳು. ಜಿಪುಣತನವಲ್ಲ, ಅರೆಬರೆ ಕೆಲಸ ಅವಳಿಗೆ ಸೇರುತ್ತಿರಲಿಲ್ಲ.

ಕೊನೆಗೆ ಹದಕ್ಕೆ ಬಂತು ಎನ್ನುವಾಗ, ತಳಿಗೆ ಮಂಜೂರಾತಿ ಕೊಡುವ ಸರ್ಕಾರಿ ಸಮಿತಿ ಅಡ್ಡಗಾಲು ಹಾಕಿತು. ಮೇಡಂ ಅಡುಗೆಮನೆಗೇ ಬಂದು ಹೇಳಿದರು: "ಎಲ್ಲಾ ಗಿಡ ಒಂದೇ ಸಲಕ್ಕೆ ಹೂ ಬಿಡ್ಬೇಕಂತೆ ಅಮ್ಮಾ. ಕಾಳೂ ಒಂದೇ ಬಣ್ಣ ಇರ್ಬೇಕಂತೆ."

"ಹೂ ಬಿಟ್ಟ ವಾರನೇ ಬಿಸಿಲು ಬಡಿದ್ರೆ?" ಎಂದಳು ಅತ್ತೆ.

ಮೇಡಂ ನೆಲ ನೋಡಿದರು. "ನಾನೂ ಅದನ್ನೇ ಕೇಳ್ದೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಮಂಜೂರಾಗದೆ ಬೇರೆಯವರಿಗೆ ಹಂಚೋಕಾಗಲ್ಲ. ಬೀಜ ಕೊಡಿ, ಕೇಂದ್ರದಲ್ಲಿ ಶುದ್ಧ ಮಾಡಿ ತಂದ್ಕೊಡ್ತೀವಿ."

ಅತ್ತೆ ಡಬ್ಬಿಯಲ್ಲಿದ್ದ ಬೀಜವಷ್ಟನ್ನೂ ಸುರಿದುಕೊಟ್ಟಳು. ಕೇಂದ್ರದ ಕಪಾಟಿಗೆ ಇಲಿ ನುಗ್ಗುವುದಿಲ್ಲ, ಹಳೇ ಬೀಜ ಅಲ್ಲಿ ಇದ್ದೇ ಇರುತ್ತದೆ ಎಂಬ ಧೈರ್ಯ. ಒಂದು ಹಿಡಿ ಇಟ್ಟುಕೋ ಎನ್ನಲು ನನಗೂ ತೋಚಲಿಲ್ಲ, ದಡ್ಡ ನಾನು.

ಎರಡು ವರ್ಷಕ್ಕೆ ಕೇಂದ್ರದಿಂದ ಬೀಜದ ಚೀಲ ಬಂತು, ಮೇಲೆ ಅತ್ತೆಯ ಫೋಟೋ. ಒಳಗಿನ ಕಾಳು ಸಿಟ್ಟು ಬರುವಷ್ಟು ಚೆಂದ, ಒಂದರಂತೆ ಒಂದು. ಬಿತ್ತಿದೆವು. ಇಡೀ ಹೊಲ ಒಂದೇ ವಾರದಲ್ಲಿ ಹೂವಾಯಿತು. ಅದೇ ವಾರ ಬಿಸಿಗಾಳಿ ಎದ್ದು, ಹೂವೆಲ್ಲ ಉದುರಿಹೋಯಿತು.

ಸುದ್ದಿ ತಿಳಿದು ಮೇಡಂ ಓಡಿಬಂದರು. "ಅಮ್ಮಾ, ಹಳೇ ಬೀಜ ಒಂದು ಹಿಡಿ ಇದ್ರೂ ಸಾಕು, ಮತ್ತೆ ಶುರು ಮಾಡೋಣ."

ಅತ್ತೆ ದಂಗಾದಳು. "ನಿಮ್ಮ ಹತ್ರ ಇಲ್ವಾ?"

"ಒಂದೇ ಥರ ಇಲ್ಲದ ಗಿಡನೆಲ್ಲ ಕಿತ್ತು ಹಾಕಿದ್ವಿ ಅಮ್ಮಾ. ಶುದ್ಧ ಮಾಡೋದು ಅಂದ್ರೆ ಅದೇ."

ಬೈಗುಳಕ್ಕೆ ಹೆಸರಾದ ಅತ್ತೆಗೆ ಯಾರನ್ನು ಬೈಯಬೇಕೋ ಗೊತ್ತಾಗಲಿಲ್ಲ, ನನಗೂ. ಒಂದು ಕಾಳೂ ಇಲ್ಲವೆಂದು ತಿಳಿದಿದ್ದೂ ಅವಳು ಒಳಗೆ ಹೋಗಿ, ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಬೋರಲು ಹಾಕತೊಡಗಿದಳು. ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದು, ಅವಳು ಪಕ್ಕಕ್ಕಿಟ್ಟ ಖಾಲಿ ಡಬ್ಬಿಗಳನ್ನೇ ಇನ್ನೊಮ್ಮೆ ತಟ್ಟಿ ನೋಡಿದರು.