ಜೋಳದ ಕೋಣೆ

ಆ ಸಿನಿಮಾದಲ್ಲಿ ಬಾಗಿಲ ಹಿಂದೆ ಏನಿದೆ ಅನ್ನೋದನ್ನ ನಾವು ಕೊನೆಯವರೆಗೂ ತೋರಿಸಲೇ ಇಲ್ಲ. ತೋರಿಸೋಕೆ ದುಡ್ಡಿರಲಿಲ್ಲ, ಅಷ್ಟೇ. ಚಿಗಟೇರಿಯಲ್ಲಿ ಒಬ್ಬರ ಮನೆ ಕೇಳಿಕೊಂಡು, ಅವರು ಜೋಳ ತುಂಬಿಡುವ ಕೋಣೆಯ ಮುಚ್ಚಿದ ಬಾಗಿಲನ್ನೇ ಮತ್ತೆ ಮತ್ತೆ ಚಿತ್ರೀಕರಿಸಿದೆವು. ಒಳಗಿಂದ ಕೇಳುವ ಉಸಿರು ನನ್ನದು. ನಾನು ಧ್ವನಿಮುದ್ರಣದ ಸಹಾಯಕ; ಆಗ ನೆಗಡಿ ಬೇರೆ ಆಗಿತ್ತು.

ಬಿಡುಗಡೆಯಾದ ವಾರವೇ ಎತ್ತಂಗಡಿಯಾದ ಸಿನಿಮಾ ಎರಡು ವರ್ಷದ ಮೇಲೆ ಹರಪನಹಳ್ಳಿಯ ಟೆಂಟಿನಲ್ಲಿ ಕಿಕ್ಕಿರಿದು ಓಡಿತು. ನೋಡಿದವರೇ ಮತ್ತೆ ನೋಡುತ್ತಿದ್ದರು. ಆ ಖುಷಿಯಲ್ಲಿ ಚಿಗಟೇರಿಯ ಮನೆಗೆ ಹೋದರೆ, ಯಜಮಾನಿ ಗಂಗಮ್ಮ ನನ್ನನ್ನು ಕಂಡವರೇ ಸಿಡಿದರು.

"ಏನ್ ಮಾಡಿ ಹೋದ್ರಿ ನಮ್ಮ ಮನಿಗೆ? ನಿಮ್ಮ ಸಿನಿಮಾ ನೋಡಿ ಬಂದಾಗಿಂದ ಸೊಸಿ ಆ ಕೋಣಿಗೆ ಕಾಲಿಡಾಕ ಒಲ್ಲೆ ಅಂತಾಳ. ಮಗನೂ ಹಂಗ. ನಾನೂ ಹೋಗಿ ಎಂಟು ದಿನ ಆತು!"

"ಅಮ್ಮಾ, ಅದು ನನ್ನ ಉಸಿರು ಕಣ್ರೀ. ಒಳಗೆ ಬರೀ ಜೋಳ ಇದೆ."

"ಹಂಗಾರ ನೀವ ಹೋಗ್ರಿ. ಬೀಸಾಕ ಎರಡು ಸೇರು ತಗೊಂಡ್ ಬರ್ರಿ" ಅಂತ ಬುಟ್ಟಿ ಕೈಗಿಟ್ಟರು.

ಸುಡುಸುಡು ಮಧ್ಯಾಹ್ನ. ನಗುತ್ತಲೇ ಚಿಲಕಕ್ಕೆ ಕೈ ಹಾಕಿದೆ. ಆವತ್ತು ನನಗೆ ನೆಗಡಿ ಇರಲಿಲ್ಲ. ಆದರೂ ಒಳಗೆ ಯಾರೋ ಮೂಗು ಕಟ್ಟಿದವರಂತೆ ಉಸಿರಾಡುತ್ತಿದ್ದರು. ಕೈ ತಾನಾಗೇ ಹಿಂದೆ ಬಂತು.

ಗಂಗಮ್ಮ ನನ್ನ ಮುಖ ನೋಡಿದರು. ಖಾಲಿ ಬುಟ್ಟಿ ಇಸಕೊಂಡರು.

ಆವತ್ತು ಆ ಮನೆಯಲ್ಲಿ ರೊಟ್ಟಿ ಇಲ್ಲ, ಅನ್ನ ಬಡಿಸಿದರು. ಅದು ಅತಿಥಿಗೆ ಮಾಡಿದ ಮರ್ಯಾದೆ ಅಂತಲೇ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.